ಟ್ರಿಗರ್‌ಟೆಕ್ ಸ್ಪೆಷಲ್: ನನ್ನ ರೈಫಲ್ಲಿಗೆ ಹೊಸ ಟ್ರಿಗರ್ ಆರಿಸಿದ ಬಗೆ

ಹೋದ ಭಾನುವಾರ ಸಂಜೆ ರೈಫಲ್ ಒರೆಸಿ ಒಳಗಿಡುವ ಮೊದಲು ಟ್ರಿಗರಿಗೆ ಗೇಜ್ (ಎಳೆಯಲು ಎಷ್ಟು ಬಲ ಬೇಕೆಂದು ಅಳೆಯುವ ಸಾಧನ) ಸಿಕ್ಕಿಸಿ ಹತ್ತು ಸಲ ಎಳೆದೆ. ಎಲ್ಲಕ್ಕಿಂತ ಕಡಿಮೆ ಬಂದದ್ದು 1 ಪೌಂಡ್ 3.6 ಔನ್ಸ್, ಎಲ್ಲಕ್ಕಿಂತ ಹೆಚ್ಚು 1 ಪೌಂಡ್ 4.5 ಔನ್ಸ್. ಎಂಟು ತಿಂಗಳ ಹಿಂದೆ, ಕೆನಡಾದ ಟ್ರಿಗರ್‌ಟೆಕ್ ಕಂಪನಿಯ ಸ್ಪೆಷಲ್ ಎಂಬ ಈ ಟ್ರಿಗರ್ ಕೂರಿಸಿದ ದಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಅಂಕಿಗಳೂ ಹೆಚ್ಚುಕಡಿಮೆ ಇವೇ. ನಡುವೆ ಸಾವಿರದ ಇನ್ನೂರು ಗುಂಡು ಹೋಗಿವೆ, ಟೆಕ್ಸಸ್ಸಿನ ಒಂದು ಇಡೀ ಬೇಸಿಗೆಯ ಸುಣ್ಣದ ಧೂಳು ಕೂತಿದೆ. ಅಷ್ಟಾದರೂ ಅಂಕಿ ಅಲುಗಿಲ್ಲ. ಆ ನಂಬಿಕೆಯ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ನಾನಿರುವುದು ಆಸ್ಟಿನ್ ಹತ್ತಿರ, ಹುಟ್ಟೂರು ಕೊಡಗು. ನಮ್ಮ ಮನೆಯಲ್ಲಿ ತೋಕ್, ಅಂದರೆ ಕೋವಿ, ಗೋಡೆಗೆ ತೂಗುಹಾಕಿದ ಅಲಂಕಾರ ಅಲ್ಲ, ಮನೆಯವರಲ್ಲೊಬ್ಬರು. ಆಯುಧ ಪೂಜೆಯ ಹಬ್ಬವಾದ ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ದಿನ ಅಪ್ಪ ಅದನ್ನು ಒರೆಸಿ, ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ, ಪೂಜೆಗೆ ಇಡುತ್ತಿದ್ದರು. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು. ನನಗೆ ಹದಿನಾಲ್ಕಾದಾಗ ಮೊದಲ ಸಲ ಅಪ್ಪನ ಜೋಡಿ ನಳಿಗೆ ಕೋವಿ ನನ್ನ ಹೆಗಲಿಗೆ ಬಂತು. ಎರಡು ನಳಿಗೆಗೆ ಎರಡು ಟ್ರಿಗರ್. ಹಿಂದಿನದು ಎಷ್ಟು ಬಿಗಿಯಿತ್ತೆಂದರೆ ಎಳೆಯುವಾಗ ಇಡೀ ಕೋವಿ ಬಲಕ್ಕೆ ತಿರುಗುತ್ತಿತ್ತು. "ಕಾಯಿ ನೋಡಬೇಡ, ಬೆರಳು ನೋಡು" ಅಂದರು ಅಪ್ಪ. ಕಾಯಿ ಒಡೆಯಲಿಲ್ಲ, ಆದರೆ ಬೆರಳಿನ ಕಡೆ ಗಮನ ಕೊಡುವ ಅಭ್ಯಾಸ ಅಂದೇ ಬಿತ್ತು.

ಇಲ್ಲಿ ನನ್ನ ಕೈಯಲ್ಲಿರುವುದು ಸ್ಪೇನಿನ ಬೆರ್ಗಾರಾ ಬಿ-14 ಎಚ್‌ಎಂಆರ್, 6.5 ಕ್ರೀಡ್‌ಮೂರ್ ತೋಟಾದ್ದು. ಗ್ರೀನ್ ಕಾರ್ಡ್ ಬಂದ ಮೇಲೆ ಕೊಂಡೆ. ಎಚ್-1ಬಿ ವೀಸಾದಲ್ಲಿರುವ ನಮ್ಮವರು ಇದನ್ನು ಓದುತ್ತಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. ಅಮೆರಿಕದ ಕೇಂದ್ರ ಕಾನೂನು ಆ ವೀಸಾದವರಿಗೆ ಬಂದೂಕು ಇಟ್ಟುಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ವಕೀಲರನ್ನು ಕೇಳದೆ ಅಂಗಡಿಗೆ ಹೋಗಬೇಡಿ. ವೀಸಾ ಹೋದರೆ ಯಾವ ರೈಫಲ್ಲೂ ಅದಕ್ಕೆ ಸಮ ಅಲ್ಲ.

ಬೆರ್ಗಾರಾ ಜೊತೆ ಬಂದ ಟ್ರಿಗರಿನಲ್ಲಿ ದೋಷವೇನೂ ಇರಲಿಲ್ಲ. ಗೇಜ್ ಹಚ್ಚಿದರೆ 3 ಪೌಂಡ್ 2 ಔನ್ಸ್ ತೋರಿಸುತ್ತಿತ್ತು, ಅಂದರೆ ಸುಮಾರು 1.4 ಕಿಲೋ. ಬೇಟೆಗೆ ಹೋಗುವವರಿಗೆ ಅದೇ ಸರಿ. ನಾನು ಹೋಗುವುದು ಉಕ್ಕಿನ ತಟ್ಟೆಗೆ ಹೊಡೆಯುವ ಪಂದ್ಯಗಳಿಗೆ. 90 ಸೆಕೆಂಡಿನೊಳಗೆ ಮರದ ಬ್ಯಾರಿಕೇಡು, ಟೈರು, ಕಬ್ಬಿಣದ ಗೇಟು, ಹೀಗೆ ಸಿಕ್ಕಿದ್ದರ ಮೇಲೆ ಮರಳಿನ ಚೀಲ ಇಟ್ಟು, ರೈಫಲ್ಲನ್ನು ಅದರ ಮೇಲೆ ಕೂರಿಸಿ ಹೊಡೆಯಬೇಕು. ಗಟ್ಟಿಯಾಗಿ ಅಪ್ಪಿಕೊಂಡರೆ ನಮ್ಮ ಎದೆಬಡಿತವೇ ಸ್ಕೋಪಿನಲ್ಲಿ ಕುಣಿಯುತ್ತದೆ. ಹಾಗಾಗಿ ಕೈ ಸಡಿಲ ಬಿಟ್ಟು, ಚೀಲದ ಮೇಲೆ ರೈಫಲ್ ತಾನಾಗಿ ಕೂರುವಂತೆ ಬಿಡುತ್ತೇವೆ. ಅಂಥ ಹೊತ್ತಿನಲ್ಲಿ ಬೆರಳು ಹಾಕುವ ಪ್ರತಿ ಔನ್ಸ್ ಬಲವೂ ರೈಫಲ್ಲನ್ನು ಒಂದಿಷ್ಟು ಎಳೆಯುತ್ತದೆ. ನಳಿಗೆ ಒಂದು ಮಿಲ್ಲಿನ (ಗುರಿಕಾರರು ಕೋನ ಅಳೆಯುವ ಸಣ್ಣ ಮಾನ) ಹತ್ತನೇ ಒಂದು ಪಾಲು ಸರಿದರೂ ಸಾವಿರ ಗಜದಲ್ಲಿ ಗುಂಡು 3.6 ಇಂಚು ಆಚೆ ಬೀಳುತ್ತದೆ. ಗಾಳಿ ಓದುವುದರಲ್ಲಿ ಆಗುವ ತಪ್ಪು ಅದಕ್ಕಿಂತ ಎಷ್ಟೋ ದೊಡ್ಡದು, ನಿಜ. ಆದರೆ ಗಾಳಿ ನನ್ನ ಕೈಲಿಲ್ಲ, ಬೆರಳು ನನ್ನದೇ.

ಟ್ರಿಗರಿನ ಒಳಗೆ ಏನಿದೆ ಎಂದು ತಿಳಿಯದೆ ಆರಿಸಲು ಹೊರಟರೆ ಬೆಲೆಯನ್ನೋ ಬಣ್ಣವನ್ನೋ ನೋಡಿ ಕೊಂಡಂತಾಗುತ್ತದೆ. ನಾನು ತಿಳಿದುಕೊಂಡದ್ದು ಇಷ್ಟು. ಸ್ಪ್ರಿಂಗಿನ ಬಲಕ್ಕೆ ಮುಂದೆ ಚಿಮ್ಮಲು ಕಾದಿರುವ ಫೈರಿಂಗ್ ಪಿನ್ನನ್ನು ಸಿಯರ್ ಎಂಬ ತುಂಡು ತಡೆದಿರುತ್ತದೆ. ಆ ಸಿಯರ್ ಕೆಳಗೆ ಬೀಳದಂತೆ ಟ್ರಿಗರಿನ ಒಂದು ಅಂಚು ಅಡಿಯಿಂದ ಹಿಡಿದಿರುತ್ತದೆ. ಬಾಗಿಲಿನ ಚಿಲಕ ಕೂದಲೆಳೆಯಷ್ಟು ಮಾತ್ರ ಕೊಂಡಿಗೆ ಸಿಕ್ಕಿಕೊಂಡಿದ್ದರೆ ಹೇಗೋ ಹಾಗೆ. ನಾವು ಎಳೆದಾಗ ಆ ಅಂಚು ಸಿಯರಿನ ಅಡಿಯಿಂದ ಉಜ್ಜುತ್ತ ಜಾರಿ ಹೊರಬರುತ್ತದೆ. ಉಕ್ಕಿಗೆ ಉಕ್ಕು ಉಜ್ಜುವ ಆ ಒಂದಿಷ್ಟು ದೂರ ಬೆರಳಿಗೆ ಮರಳಿನ ಮೇಲೆ ಎಳೆದ ಹಾಗೆ ಗೊತ್ತಾಗುತ್ತದಲ್ಲ, ಅದಕ್ಕೆ ಕ್ರೀಪ್ ಎನ್ನುತ್ತಾರೆ. ಪಿನ್ ಬಿಟ್ಟ ಮೇಲೂ ಟ್ರಿಗರ್ ಹಿಂದಕ್ಕೆ ಹೋಗುವ ದೂರ ಓವರ್‌ಟ್ರಾವೆಲ್.

ಕ್ರೀಪ್ ಕಡಿಮೆ ಮಾಡಲು ಹಳೆಯ ದಾರಿ ಒಂದೇ: ಆ ಎರಡು ಅಂಚುಗಳು ಒಂದರ ಮೇಲೊಂದು ಕೂತಿರುವ ಅಗಲವನ್ನೇ ಕಿರಿದು ಮಾಡುವುದು. ಕಿರಿದಾದಷ್ಟೂ ಬೆರಳಿಗೆ ಗಾಜು ಒಡೆದ ಹಾಗೆ ಚುರುಕು. ಆದರೆ ಕಿರಿದಾದಷ್ಟೂ ಚಿಲಕ ಜಾರುವ ಅಪಾಯವೂ ಹೆಚ್ಚು. ಇದನ್ನು ನಾನು ಮಾತಿನಿಂದ ಕಲಿಯಲಿಲ್ಲ.

ಮೊದಲು ಕೊಂಡದ್ದು ಸೆಕೆಂಡ್ ಹ್ಯಾಂಡ್ ಟ್ರಿಗರ್. ಯಾರದು, ಯಾವ ಬ್ರಾಂಡು ಎಂದು ಹೇಳುವುದಿಲ್ಲ, ಯಾಕೆಂದರೆ ತಯಾರಿಸಿದವರ ತಪ್ಪು ಅದರಲ್ಲಿರಲಿಲ್ಲ. ಹಿಂದಿನ ಮಾಲೀಕರು ಸಿಯರ್ ಸ್ಕ್ರೂ ತಿರುಗಿಸಿ ತಿರುಗಿಸಿ ಬಹಳ ಸೂಕ್ಷ್ಮ ಮಾಡಿಟ್ಟಿದ್ದರು. ಅಡುಗೆಮನೆಯ ಮೇಜಿನ ಮೇಲೆ, ಖಾಲಿ ರೈಫಲ್ಲಿಗೆ ಅದನ್ನು ಕೂರಿಸಿ ಬೆರಳಿಟ್ಟಾಗ ಆಹಾ ಅನ್ನಿಸಿತ್ತು. ಮುಟ್ಟಿದರೆ ಸಾಕು, ಟಿಕ್. ಆಮೇಲೆ ಪರೀಕ್ಷೆಗೆಂದು ಬೋಲ್ಟನ್ನು, ಅಂದರೆ ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗವನ್ನು, ಜೋರಾಗಿ ಮುಂದೆ ತಳ್ಳಿ ಮುಚ್ಚಿದೆ. ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ. ಪಿನ್ ಬಿತ್ತು. ಮತ್ತೆ ಮಾಡಿದೆ, ಮತ್ತೆ ಬಿತ್ತು. ಮೂರನೆಯ ಸಲ ರಬ್ಬರ್ ಸುತ್ತಿಗೆಯಲ್ಲಿ ಹಿಡಿಕೆಯ ಹಿಂಬದಿಗೆ ಮೆಲ್ಲಗೆ ತಟ್ಟಿದೆ, ಆಗಲೂ ಬಿತ್ತು. ಒಳಗೆ ತೋಟಾ ಇದ್ದಿದ್ದರೆ ಎಂದು ಯೋಚಿಸಿ ಕೈ ತಣ್ಣಗಾಯಿತು. ಪಕ್ಕದ ಕೋಣೆಯಲ್ಲಿ ಮಗಳು ಹೋಮ್‌ವರ್ಕ್ ಮಾಡುತ್ತ ಕೂತಿದ್ದಳು. ಆ ಟ್ರಿಗರನ್ನು ಅಂದೇ ಬಿಚ್ಚಿದೆ.

ಅವತ್ತಿನಿಂದ ನನ್ನ ಮೊದಲ ನಿಯಮ ಬದಲಾಯಿತು. ಎಷ್ಟು ಹಗುರ ಎಂದು ಕೇಳುವುದನ್ನು ಬಿಟ್ಟು, ಹಗುರವಾದಾಗಲೂ ಚಿಲಕ ಗಟ್ಟಿಯಾಗಿ ಸಿಕ್ಕಿರುತ್ತದೆಯೇ, ಪ್ರತಿ ಸಲವೂ ಒಂದೇ ತೂಕಕ್ಕೆ ಬಿಡುತ್ತದೆಯೇ ಎಂದು ಕೇಳತೊಡಗಿದೆ.

ಬೆರ್ಗಾರಾ ಬಿ-14 ಇದ್ದವರಿಗೆ ಒಂದು ಅನುಕೂಲ ಉಂಟು. ಅದರ ಆ್ಯಕ್ಷನ್ನಿಗೆ (ಬೋಲ್ಟ್ ಓಡಾಡುವ, ಟ್ರಿಗರ್ ಕೂರುವ ಲೋಹದ ಭಾಗ) ರೆಮಿಂಗ್ಟನ್ 700 ರೈಫಲ್ಲಿನ ಅಳತೆಯ ಟ್ರಿಗರುಗಳು ಕೂರುತ್ತವೆ. ರೆಮಿಂಗ್ಟನ್ 700 ಬಂದದ್ದು 1962ರಲ್ಲಿ. ಅದರ ಅಳತೆಯನ್ನೇ ಆಮೇಲೆ ಬಂದ ಎಷ್ಟೋ ಕಂಪನಿಗಳು ಹಿಡಿದುಕೊಂಡವು, ಹಾಗಾಗಿ ಆಯ್ಕೆಗೆ ಬರವಿಲ್ಲ. ಬೆಲೆ ಹೆಚ್ಚುಕಡಿಮೆ 150 ಡಾಲರಿನಿಂದ 300 ಡಾಲರಿನವರೆಗೆ, ಅದಕ್ಕಿಂತ ಮೇಲೂ ಇವೆ. ಕೊಳ್ಳುವಾಗ ಬೋಲ್ಟ್ ರಿಲೀಸ್ ಲಿವರ್ ಇಲ್ಲದ ಮಾದರಿ ಎಂದು ನೋಡಿಕೊಳ್ಳಿ, ಬೆರ್ಗಾರಾದಲ್ಲಿ ಬೋಲ್ಟ್ ಬಿಡಿಸುವ ಗುಂಡಿ ಆ್ಯಕ್ಷನ್ನಿನ ಪಕ್ಕದಲ್ಲೇ ಇದೆ. ರೆಮಿಂಗ್ಟನ್ ರೈಫಲ್ಲಿಗಾದರೆ ಲಿವರ್ ಇರುವುದೇ ಬೇಕಾಗುತ್ತದೆ.

ಹಳೆಯ ರೆಮಿಂಗ್ಟನ್ 700 ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರಿಗೂ ಒಂದು ಮಾತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ ಎಕ್ಸ್-ಮಾರ್ಕ್ ಪ್ರೊ ಟ್ರಿಗರುಗಳನ್ನು ಕಂಪನಿಯೇ 2014ರ ಏಪ್ರಿಲ್‌ನಲ್ಲಿ ವಾಪಸ್ ಕರೆದಿತ್ತು. ಜೋಡಣೆಯಲ್ಲಿ ಬಳಸಿದ ಅಂಟು ಹೆಚ್ಚಾಗಿ, ಟ್ರಿಗರ್ ಮುಟ್ಟದೆಯೇ ಗುಂಡು ಹಾರುವ ಸಾಧ್ಯತೆ ಇತ್ತು ಎಂಬುದು ಕಾರಣ. ಅಂಥ ರೈಫಲ್ ಸಿಕ್ಕರೆ ಟ್ರಿಗರ್ ಬದಲಾಗಿದೆಯೇ ಎಂದು ನೋಡದೆ ತೋಟಾ ಹಾಕಬೇಡಿ.

ಇನ್ನು ನಾನು ಬೆರಳಿಟ್ಟು ನೋಡಿದ ನಾಲ್ಕರ ಮಾತು. ನಾಲ್ಕನ್ನೂ ಕೊಂಡಿಲ್ಲ, ರೇಂಜಿನಲ್ಲಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. "ಖಾಲಿ ಇದೆ, ನೀವೇ ನೋಡಿ, ಹತ್ತು ಸಲ ಎಳೆಯಿರಿ" ಎಂದು ರೈಫಲ್ಲನ್ನೇ ಮುಂದೆ ತಳ್ಳುತ್ತಾರೆ.

ಟಿಮ್ನಿ ಹಳೆಯ ಹೆಸರು, 1946ರಿಂದ ಟ್ರಿಗರ್ ಮಾಡುತ್ತಿರುವವರು, ಈಗ ಅರಿಜೋನದ ಫೀನಿಕ್ಸಿನಲ್ಲಿದ್ದಾರೆ. ಅವರ 510 ಮಾದರಿ ಒಂದೂವರೆಯಿಂದ ನಾಲ್ಕು ಪೌಂಡಿನವರೆಗೆ ಹೊಂದುತ್ತದೆ, ಕ್ಯಾಲ್ವಿನ್ ಎಲೀಟ್ 8 ಔನ್ಸಿನಿಂದ ಎರಡೂವರೆ ಪೌಂಡಿನವರೆಗೆ. ಬಿಡುವ ಗಳಿಗೆ ಚೊಕ್ಕ, ಮರುಮಾತಿಲ್ಲ. 510ರಲ್ಲಿ ಸಿಯರ್ ಹಿಡಿತ, ಓವರ್‌ಟ್ರಾವೆಲ್ ಎರಡನ್ನೂ ನಾವೇ ತಿರುಗಿಸಿ ಹೊಂದಿಸಬಹುದು. ಅದನ್ನು ಮೆಚ್ಚುವವರು ಬಹಳ ಜನ. ಅಡುಗೆಮನೆಯ ಮೇಜಿನ ಅನುಭವ ಆದ ಮೇಲೆ ಸಿಯರ್ ಸ್ಕ್ರೂ ನನ್ನ ಕೈಗೆ ಸಿಗದಿರುವುದೇ ನನಗೆ ಹೆಚ್ಚು ನೆಮ್ಮದಿ.

ಜ್ಯುವೆಲ್ ನಮ್ಮೂರ ಪಕ್ಕದ್ದೇ ಅನ್ನಬೇಕು. ಆಸ್ಟಿನ್ನಿಂದ ದಕ್ಷಿಣಕ್ಕೆ ಸ್ಯಾನ್ ಮಾರ್ಕಸ್‌ನಲ್ಲಿ ಆರ್ನಾಲ್ಡ್ ಜ್ಯುವೆಲ್ ಶುರು ಮಾಡಿದ್ದು. ಬೆಂಚಿನ ಮೇಲೆ ರೈಫಲ್ ಇಟ್ಟು ಐದು ಗುಂಡನ್ನು ಒಂದೇ ತೂತಿನಲ್ಲಿ ತೂರಿಸುವ ಬೆಂಚ್‌ರೆಸ್ಟ್ ಆಟದವರಿಗೆ ಇದು ಅಚ್ಚುಮೆಚ್ಚು. ಎಚ್‌ವಿಆರ್ ಮಾದರಿ ಒಂದೂವರೆ ಔನ್ಸಿನವರೆಗೆ ಇಳಿಯುತ್ತದೆ, ಅಂದರೆ ಸುಮಾರು 43 ಗ್ರಾಂ. ನನ್ನ ಪಕ್ಕದ ಬೆಂಚಿನಲ್ಲಿ ಕೂರುವ ಎಪ್ಪತ್ತು ದಾಟಿದ ಅಜ್ಜನದು ಎರಡು ಔನ್ಸಿಗಿದೆ. ಅವರ ಅನುಮತಿ ಪಡೆದು ಬೆರಳಿಟ್ಟೆ. ಎಳೆದೆ ಅನ್ನುವ ಮೊದಲೇ ಪಿನ್ ಬಿದ್ದಿತ್ತು. ಅವರ ರೈಫಲ್ ಬೆಂಚು ಬಿಟ್ಟು ಏಳುವುದಿಲ್ಲ, ಗುರಿ ಕೂತ ಮೇಲೆಯೇ ಬೆರಳು ಹೋಗುತ್ತದೆ, ಅವರಿಗದು ಸರಿ. ಟ್ರಿಗರನ್ನು ಎಣ್ಣೆ ಸೋಕಿಸದೆ, ಸಿಗರೇಟ್ ಲೈಟರಿನ ದ್ರವದಲ್ಲಿ ಆಗಾಗ ತೊಳೆಯುತ್ತಾರೆ. ಎಣ್ಣೆ ಇದ್ದರೆ ಧೂಳು ಅಂಟುತ್ತದೆ, ಸೂಕ್ಷ್ಮ ಅಂಚುಗಳಿಗೆ ಧೂಳೇ ಶತ್ರು. ಈ ಒಂದು ಪಾಠ ಅವರಿಂದಲೇ ಕಲಿತೆ, ನನ್ನ ಟ್ರಿಗರಿಗೂ ಎಣ್ಣೆ ಬಿಡುವುದಿಲ್ಲ.

ಉಳಿದೆರಡು ಕೆನಡಾದ ಟ್ರಿಗರ್‌ಟೆಕ್ ಕಂಪನಿಯವು: ಸ್ಪೆಷಲ್ ಮತ್ತು ಡೈಮಂಡ್. ಇವರ ಕೈಚಳಕ ಇರುವುದು ಆ ಉಜ್ಜುವ ಜಾಗದಲ್ಲೇ. ಟ್ರಿಗರಿನ ಅಂಚಿಗೂ ಸಿಯರಿಗೂ ನಡುವೆ ಒಂದು ಪುಟ್ಟ ರೋಲರ್ ಇಟ್ಟಿದ್ದಾರೆ. ತೋಟದಲ್ಲಿ ಸಿಲ್ವರ್ ಓಕ್ ದಿಮ್ಮಿಯನ್ನು ನೆಲದ ಮೇಲೆ ದರದರ ಎಳೆಯಬೇಕಾದರೆ ನಾಲ್ಕು ಆಳು ಬೇಕು, ಅಡಿಗೆ ದುಂಡನೆಯ ಗಳು ಕೊಟ್ಟರೆ ಇಬ್ಬರೇ ಉರುಳಿಸುತ್ತಾರೆ. ಅದೇ ಉಪಾಯ. ಉಜ್ಜಾಟದ ಬದಲು ಉರುಳಾಟ. ಇದರಿಂದ ಆಗುವ ದೊಡ್ಡ ಲಾಭ ಏನೆಂದರೆ, ಕ್ರೀಪ್ ತಪ್ಪಿಸಲು ಸಿಯರ್ ಹಿಡಿತವನ್ನು ಕೂದಲೆಳೆಗೆ ಇಳಿಸಬೇಕಿಲ್ಲ. ಹಿಡಿತ ಸಾಕಷ್ಟು ಇಟ್ಟುಕೊಂಡೇ ಬೆರಳಿಗೆ ಗಾಜು ಒಡೆದ ಅನುಭವ ಸಿಗುತ್ತದೆ. ನನ್ನ ಭಯಕ್ಕೆ ಸರಿಯಾದ ಉತ್ತರ ಇದೇ ಆಗಿತ್ತು.

ಡೈಮಂಡ್ 4 ಔನ್ಸಿನಿಂದ 32 ಔನ್ಸಿನವರೆಗೆ, ಸ್ಪೆಷಲ್ 1 ಪೌಂಡಿನಿಂದ ಮೂರೂವರೆ ಪೌಂಡಿನವರೆಗೆ. ಪಂದ್ಯಕ್ಕೆ ಬರುವ ಎಷ್ಟೋ ಜನರ ಕೈಯಲ್ಲಿ ಡೈಮಂಡ್ ನೋಡಿದ್ದೇನೆ, 8 ಔನ್ಸು, 10 ಔನ್ಸಿಗೆ ಇಟ್ಟಿರುತ್ತಾರೆ. ಗೆಲ್ಲುವವರೂ ಅವರೇ. ಹಾಗಿದ್ದರೂ ನಾನು ಸ್ಪೆಷಲ್ ತೆಗೆದುಕೊಂಡೆ. ಅದಕ್ಕೆ ಬೆಲೆಯಷ್ಟೇ ಕಾರಣವಲ್ಲ.

ಜನವರಿಯ ಒಂದು ಪಂದ್ಯಕ್ಕೆ ಸ್ನೇಹಿತೆಯೊಬ್ಬರ ರೈಫಲ್ ಹಿಡಿದು ಹೋಗಿದ್ದೆ. ಅದರ ಟ್ರಿಗರ್ 8 ಔನ್ಸಿಗಿತ್ತು. ಬೆಳಿಗ್ಗೆ ಸೊನ್ನೆಯ ಹತ್ತಿರದ ಚಳಿ, ಬೆರಳು ಮರಗಟ್ಟಿತ್ತು. ಗೇಟಿನ ಮೇಲಿಂದ ಎರಡನೆಯ ಗುರಿಗೆ ಸರಿಯುವಾಗ, ಸ್ಕೋಪಿನ ಅಡ್ಡಗೆರೆ ಇನ್ನೂ ತಟ್ಟೆಯ ಎಡ ಅಂಚಿನಲ್ಲಿದ್ದಾಗಲೇ ಗುಂಡು ಹೋಯಿತು. ನಳಿಗೆ ಗುರಿಯ ದಿಕ್ಕಿಗೇ ಇತ್ತು, ಹಿಂದೆ ಮಣ್ಣಿನ ದಿಬ್ಬ, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಗುಂಡು ನಾನು ಬಿಟ್ಟದ್ದಲ್ಲ, ಹೋದದ್ದು. ಬೆರಳಿಗೆ ಟ್ರಿಗರ್ ತಾಗಿದ್ದೇ ತಿಳಿದಿರಲಿಲ್ಲ. ಬೆರಳು ಟ್ರಿಗರಿನ ಮೇಲೆ ಕೂತಿದೆ ಎಂದು ಮನಸ್ಸಿಗೆ ಗೊತ್ತಾಗುವಷ್ಟು ತೂಕ ನನಗೆ ಬೇಕು. ಮನೆಗೆ ಬಂದು ಬೇರೆ ಬೇರೆ ತೂಕಕ್ಕೆ ಇಟ್ಟು ಖಾಲಿ ಹೊಡೆತದ, ಅಂದರೆ ತೋಟಾ ಇಲ್ಲದೆ ಟ್ರಿಗರ್ ಎಳೆಯುವ, ಅಭ್ಯಾಸ ಮಾಡಿ ನೋಡಿದಾಗ ನನ್ನ ಬೆರಳಿಗೆ ಹೊಂದಿದ್ದು ಒಂದೂಕಾಲು ಪೌಂಡು. ನಿಮ್ಮದು ಬೇರೆ ಇರಬಹುದು, ಇರುತ್ತದೆ ಕೂಡ. ಮಲಗಿ ಹೊಡೆಯುವ ಎಫ್-ಕ್ಲಾಸಿನವರು ಇದನ್ನು ಭಾರ ಎನ್ನುತ್ತಾರೆ, ಹಂದಿ ಬೇಟೆಗೆ ಹೋಗುವವರು ಇಷ್ಟು ಹಗುರವೇ ಎಂದು ಹುಬ್ಬೇರಿಸುತ್ತಾರೆ. ಇಬ್ಬರೂ ಅವರವರ ಕೆಲಸಕ್ಕೆ ಸರಿ.

ತುದಿಯ ಆಕಾರದ ಬಗ್ಗೆ ಸ್ವಲ್ಪ. ಬೆರಳು ತಾಗುವ ಆ ಭಾಗಕ್ಕೆ ಶೂ ಎನ್ನುತ್ತಾರೆ. ಬಾಗಿದ್ದು, ಚಪ್ಪಟೆ, ಎರಡೂ ಸಿಗುತ್ತವೆ. ಚಪ್ಪಟೆಯದರಲ್ಲಿ ಬೆರಳನ್ನು ಎಷ್ಟು ಕೆಳಗೆ ಇಟ್ಟರೆ ಅಷ್ಟು ಹಗುರ, ಸನ್ನೆಗೋಲಿನ ಲೆಕ್ಕ. ಅದನ್ನು ಬಳಸಿಕೊಳ್ಳುವ ಜಾಣರಿದ್ದಾರೆ. ನನ್ನ ಕೈ ಸಣ್ಣದು, ಅವಸರದಲ್ಲಿ ಬೆರಳು ಪ್ರತಿ ಸಲ ಬೇರೆ ಜಾಗಕ್ಕೆ ಹೋಗುತ್ತಿತ್ತು, ಪ್ರತಿ ಸಲ ಬೇರೆ ತೂಕ ಅನ್ನಿಸುತ್ತಿತ್ತು. ಬಾಗಿದ ಶೂ ಬೆರಳನ್ನು ತಾನೇ ಕರೆದು ಒಂದೇ ಕಡೆ ಕೂರಿಸುತ್ತದೆ. ಅದನ್ನೇ ತೆಗೆದುಕೊಂಡೆ. ಗೇಜ್ ಹಚ್ಚುವಾಗಲೂ ಈ ವಿಷಯ ನೆನಪಿರಲಿ, ಕೊಕ್ಕೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರದಿದ್ದರೆ ಅಂಕಿಗೆ ಅರ್ಥವಿಲ್ಲ.

ಕೂರಿಸುವ ಕೆಲಸ ಮುಕ್ಕಾಲು ಗಂಟೆಯದು. ರೈಫಲ್ ಖಾಲಿ ಎಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ, ತೋಟಾಗಳನ್ನೆಲ್ಲ ಬೇರೆ ಕೋಣೆಗೆ ಒಯ್ದಿಟ್ಟು ಶುರು ಮಾಡಿದೆ. ಬೋಲ್ಟ್ ತೆಗೆದು, ಸ್ಟಾಕಿನ (ಕೈಯಲ್ಲಿ ಹಿಡಿದು ಹೆಗಲಿಗೆ ಆನಿಸುವ ಭಾಗ) ಸ್ಕ್ರೂ ಬಿಚ್ಚಿ, ಆ್ಯಕ್ಷನ್ ಮೇಲೆತ್ತಿದರೆ ಹಳೆಯ ಟ್ರಿಗರನ್ನು ಹಿಡಿದಿರುವ ಎರಡು ಅಡ್ಡ ಪಿನ್ನುಗಳು ಕಾಣುತ್ತವೆ. ಹಿತ್ತಾಳೆಯ ಪಂಚಿನಿಂದ ತಟ್ಟಿದರೆ ಹೊರಬರುತ್ತವೆ. ಹೊಸದನ್ನು ಸೇರಿಸಿ, ಆ್ಯಕ್ಷನ್ನನ್ನು ಮತ್ತೆ ಕೂರಿಸಿ, ಸ್ಕ್ರೂಗಳನ್ನು ಕೈಪಿಡಿಯಲ್ಲಿ ಕೊಟ್ಟಿರುವ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿದೆ. ಅಂದಾಜಿನಲ್ಲಿ ಬಿಗಿದರೆ ಗುರಿ ಕೂತಿದ್ದೂ ಹೋಗುತ್ತದೆ. ಸೇಫ್ಟಿ ಲಿವರ್ ಸ್ಟಾಕಿನ ಮರಕ್ಕೋ ಪ್ಲಾಸ್ಟಿಕ್ಕಿಗೋ ಉಜ್ಜುತ್ತಿಲ್ಲವೆಂದು ನೋಡಿಕೊಳ್ಳಬೇಕು. ನನ್ನದರಲ್ಲಿ ತೊಂದರೆ ಬರಲಿಲ್ಲ. ಈ ಕೆಲಸ ಕೈಗೆ ಹತ್ತದು ಅನ್ನಿಸಿದರೆ ಬಂದೂಕು ರಿಪೇರಿಯವರಿಗೆ ಕೊಡಿ.

ಆಮೇಲೆ ಪರೀಕ್ಷೆ, ಅದನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಖಾಲಿ ರೈಫಲ್ಲಿನಲ್ಲಿ ಬೋಲ್ಟನ್ನು ಇಪ್ಪತ್ತು ಸಲ ಜೋರಾಗಿ ಮುಚ್ಚಿದೆ. ಪಿನ್ ಬೀಳಲಿಲ್ಲ. ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಎಳೆದು, ಬೆರಳು ತೆಗೆದು, ಸೇಫ್ಟಿ ಬಿಟ್ಟೆ. ಬೀಳಲಿಲ್ಲ. ರಬ್ಬರ್ ಸುತ್ತಿಗೆಯಿಂದ ಹಿಂದೆ, ಪಕ್ಕಕ್ಕೆ, ಅಡಿಗೆ ತಟ್ಟಿದೆ. ಬೀಳಲಿಲ್ಲ. ತೂಕ ಬದಲಿಸಿದಾಗಲೆಲ್ಲ ಇಷ್ಟನ್ನೂ ಮತ್ತೆ ಮಾಡುತ್ತೇನೆ.

ತೂಕ ಹೊಂದಿಸುವ ಸ್ಕ್ರೂಗೆ ಕ್ಲಿಕ್ ಇದೆ, ಸಣ್ಣ ಷಟ್ಕೋನ ಕೀಲಿಯಿಂದ ತಿರುಗಿಸಿದರೆ ಬೆರಳಿಗೇ ಟಿಕ್ ಟಿಕ್ ಎಂದು ಗೊತ್ತಾಗುತ್ತದೆ. ಗುಂಡಿನ ಅದುರಿಗೆ ಸ್ಕ್ರೂ ತಾನಾಗಿ ತಿರುಗುವ ಭಯವಿಲ್ಲ, ಅಂಟು ಹಾಕುವ ಗೋಜೂ ಇಲ್ಲ. ಸಿಯರ್ ಹಿಡಿತ, ಓವರ್‌ಟ್ರಾವೆಲ್ ಎರಡೂ ಕಾರ್ಖಾನೆಯಲ್ಲೇ ಗೊತ್ತುಮಾಡಿದ್ದು, ನಮ್ಮ ಕೈಗೆ ಕೊಟ್ಟಿಲ್ಲ. ಕೆಲವರಿಗೆ ಇದು ಕೊರತೆ. ನಾನು ಇದಕ್ಕೇ ದುಡ್ಡು ಕೊಟ್ಟೆ.

ಒಂದು ವಿಷಯ ಮಾತ್ರ ಒಗ್ಗಲು ಒಂದು ತಿಂಗಳು ಹಿಡಿಯಿತು. ಹಳೆಯ ಟ್ರಿಗರಿನಲ್ಲಿ ಬಿಡುವ ಮೊದಲು ಒಂದಿಷ್ಟು ಸರಿದಾಡಿ ಮುನ್ಸೂಚನೆ ಕೊಡುತ್ತಿತ್ತು. ಇದರಲ್ಲಿ ಗೋಡೆ ತಾಗಿದಂತೆ ಬೆರಳು ನಿಲ್ಲುತ್ತದೆ, ಆಮೇಲೆ ಹೊಡೆತ, ನಡುವೆ ಏನೂ ಇಲ್ಲ. ಮೊದಲ ವಾರಗಳಲ್ಲಿ ಪ್ರತಿ ಗುಂಡಿಗೂ ಬೆಚ್ಚಿದೆ. ಮುನ್ಸೂಚನೆ ಬೇಕೇ ಬೇಕು ಅನ್ನುವವರಿಗೆ ಎರಡು ಹಂತದ (ಮೊದಲು ಹಗುರಾಗಿ ಸರಿದು, ತಡೆದು ನಿಂತು, ಆಮೇಲೆ ಬಿಡುವ) ಟ್ರಿಗರುಗಳಿವೆ, ಆಸ್ಟ್ರಿಯಾದ ಬಿಕ್ಸ್ ಆ್ಯಂಡ್ ಆ್ಯಂಡಿಯವರದು ಆ ಬಗೆಯಲ್ಲಿ ಬಹಳ ಹೆಸರು ಮಾಡಿದೆ. ಊರಿನಲ್ಲಿ ಏರ್ ರೈಫಲ್ ಕಲಿತು ಬಂದವರ ಬೆರಳಿಗೆ ಎರಡು ಹಂತವೇ ಪರಿಚಿತವಾಗಿರುತ್ತದೆ, ಅವರು ಅದನ್ನೇ ನೋಡುವುದು ವಾಸಿ.

ಗುಂಪು, ಅಂದರೆ ಗುರಿಯಲ್ಲಿ ಗುಂಡಿನ ತೂತುಗಳು ಹರಡಿದ ಅಗಲ, ಎಷ್ಟು ಸಣ್ಣದಾಯಿತು ಎಂದು ನಮ್ಮ ಮನೆಯವರೂ ಕೇಳಿದರು. ಬೈಪಾಡ್ (ರೈಫಲ್ಲಿನ ಮುಂಬದಿಯ ಎರಡು ಕಾಲಿನ ಆಸರೆ) ಮೇಲೆ, ನೂರು ಗಜಕ್ಕೆ, ನಿಧಾನವಾಗಿ ಹೊಡೆದರೆ ಹೆಚ್ಚು ವ್ಯತ್ಯಾಸವಿಲ್ಲ. ಟ್ರಿಗರ್ ನಳಿಗೆಯನ್ನು ಉತ್ತಮ ಮಾಡುವುದಿಲ್ಲ. ವ್ಯತ್ಯಾಸ ಕಂಡದ್ದು ಬ್ಯಾರಿಕೇಡಿನ ಮೇಲೆ, ಗಡಿಯಾರ ಓಡುವಾಗ. ಮೊದಲು ಹತ್ತಕ್ಕೆ ಐದೋ ಆರೋ ತಟ್ಟೆ ಟಣ್ ಅನ್ನುತ್ತಿದ್ದ ಹಂತದಲ್ಲಿ ಈಗ ಏಳು, ಒಳ್ಳೆಯ ದಿನ ಎಂಟು. ಇದರಲ್ಲಿ ಟ್ರಿಗರಿನ ಪಾಲು ಎಷ್ಟು, ರಾತ್ರಿ ಹತ್ತು ನಿಮಿಷ ಗೋಡೆಗೆ ಗುರಿಯಿಟ್ಟು ಮಾಡುವ ಖಾಲಿ ಹೊಡೆತದ ಪಾಲು ಎಷ್ಟು ಎಂದು ಬೇರ್ಪಡಿಸಲಾರೆ. ಆದರೆ ತಪ್ಪಿದ ಗುಂಡು ಯಾಕೆ ತಪ್ಪಿತು ಎಂದು ಈಗ ಹೇಳಬಲ್ಲೆ. ಬಿಟ್ಟ ಗಳಿಗೆಯಲ್ಲಿ ಅಡ್ಡಗೆರೆ ಎಲ್ಲಿತ್ತೋ ಅದು ಕಣ್ಣಿನಲ್ಲಿ ಉಳಿಯುತ್ತದೆ.

ಮಡಿಕೇರಿಯಿಂದ ಭಾವ ಫೋನು ಮಾಡಿ, ಬರುವಾಗ ಇಂಥದೊಂದು ಟ್ರಿಗರ್ ಸೂಟ್‌ಕೇಸಿನಲ್ಲಿ ತರುತ್ತೀಯಾ ಎಂದು ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕೊಡಗಿನ ಮೂಲದವರಿಗೆ, ಜಮ್ಮ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ ಎಂದುಕೊಂಡು ಬಿಡಿಭಾಗ ತರಲು ಹೋಗಬೇಡಿ. 1959ರ ಆಯುಧ ಕಾಯ್ದೆಯಲ್ಲಿ ಆಯುಧ ಎಂಬ ಮಾತಿಗೆ ಬಿಡಿಭಾಗಗಳೂ ಸೇರಿವೆ, ಅಮೆರಿಕದಿಂದ ಹೊರಗೆ ಒಯ್ಯುವುದಕ್ಕೂ ಬೇರೆ ನಿಯಮಗಳಿವೆ. ಭಾವನಿಗೆ ಬೇಸರವಾಯಿತು, ಆಗಲಿ.

ನನಗಂತೂ ಎರಡನೆಯದು ಬೇಕಾಗಿದೆ. ಅಭ್ಯಾಸಕ್ಕೆಂದು ಬೆರ್ಗಾರಾ ಬಿ-14ಆರ್ ಕೊಂಡಿದ್ದೇನೆ, .22 ತೋಟಾದ್ದು, ಅದಕ್ಕೂ ಇದೇ 700 ಅಳತೆಯ ಟ್ರಿಗರ್ ಕೂರುತ್ತದೆ. ಅದೇ ಸ್ಪೆಷಲ್, ಅದೇ ಬಾಗಿದ ಶೂ, ಆರ್ಡರ್ ಹಾಕಿಯಾಗಿದೆ. ಗೇಜಿನಲ್ಲಿ 1 ಪೌಂಡ್ 4 ಔನ್ಸ್ ಬರುವವರೆಗೆ ಕ್ಲಿಕ್ ತಿರುಗಿಸಿ, ಎರಡೂ ರೈಫಲ್ಲುಗಳನ್ನು ಪಕ್ಕಪಕ್ಕ ಇಟ್ಟು, ಕಣ್ಣು ಮುಚ್ಚಿ ಎಳೆದಾಗ ಯಾವುದು ಯಾವುದೆಂದು ಮಗಳು ಕೇಳಬೇಕು, ನಾನು ಹೇಳಲಾಗಬಾರದು.